ಲೋ ಫ್ರ್ವಾದ್ (1994): ಮನೆ ಬಿಟ್ಟು ಹೋದ ಹುಡುಗ ಹುಡುಗಿಯ ಈ ಫ್ರೆಂಚ್ ಸಿನಿಮಾ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಈ ಸಿನಿಮಾ ಹೆಸರು ಎತ್ತಿದ್ರೆ ಹತ್ತರಲ್ಲಿ ಒಂಬತ್ತು ಜನ "ಯಾವುದದು, ಕೇಳೇ ಇಲ್ವಲ್ಲ" ಅಂತಾರೆ, ನೋಡಿರೋ ಆ ಒಬ್ಬರು ಮಾತ್ರ ಬಿಡದೆ ಮಾತಾಡ್ತಾರೆ. ಎರಡೂ ಕಡೆಯವರು ಕೇಳೋ ಪ್ರಶ್ನೆ ಎಲ್ಲ ಒಂದೇ ಕಡೆ ಹಾಕಿದೀನಿ.

ಮೊದ್ಲು ಇದು ಯಾವ ಸಿನಿಮಾ ಅಂತ ಹೇಳಿ?

ಒಲಿವಿಯೆ ಅಸ್ಸಾಯಾಸ್ ಅನ್ನೋ ಫ್ರೆಂಚ್ ಡೈರೆಕ್ಟರ್ 1994ರಲ್ಲಿ ಮಾಡಿದ್ದು. ಹೆಸರಿನ ಅರ್ಥ ತಣ್ಣೀರು. ಒಂದೂವರೆ ಗಂಟೆ ಸಿನಿಮಾ ಅಷ್ಟೇ. 1972ರ ಚಳಿಗಾಲ, ಪ್ಯಾರಿಸ್ ಹೊರವಲಯ, ಹದಿನಾರು ಹದಿನೇಳರ ವಯಸ್ಸಿನ ಒಬ್ಬ ಹುಡುಗ ಒಬ್ಬಳು ಹುಡುಗಿ. ಅದೇ ವರ್ಷ ಕಾನ್ ಫೆಸ್ಟಿವಲ್ಲಲ್ಲಿ ಮೇನ್ ಕಾಂಪಿಟಿಷನ್ ಪಕ್ಕದಲ್ಲಿ ಇನ್ನೊಂದು ವಿಭಾಗ ಇರುತ್ತಲ್ಲ, ಅನ್ ಸೆರ್ತೆಂ ರೆಗಾರ್, ಅದ್ರಲ್ಲಿ ತೋರಿಸಿದ್ರು. ಅಸ್ಸಾಯಾಸ್ ಆಗ ಅಷ್ಟೇನೂ ಫೇಮಸ್ ಅಲ್ಲ, ಮೊದಲು ಕಾಯೆ ದು ಸಿನೆಮಾ ಪತ್ರಿಕೆಗೆ ವಿಮರ್ಶೆ ಬರೀತಿದ್ದವರು, ಆಮೇಲೆ ಸಿನಿಮಾಗೆ ಇಳಿದವರು. ಇದಾದ ಎರಡು ವರ್ಷಕ್ಕೆ ಮ್ಯಾಗಿ ಚೆಯುಂಗ್‌ನ ಹಾಕ್ಕೊಂಡು ಇರ್ಮಾ ವೆಪ್ ಮಾಡಿದ್ಮೇಲೆ ಹೊರದೇಶದವರಿಗೆ ಅವರ ಹೆಸರು ಚೆನ್ನಾಗಿ ಗೊತ್ತಾಯ್ತು.

ಕಥೆ ಹೇಳಿ, ಆದ್ರೆ ಕೊನೆ ಹೇಳ್ಬೇಡಿ.

ಸರಿ. ಜಿಲ್ ಮತ್ತೆ ಕ್ರಿಸ್ತೀನ್ ಒಂದು ಅಂಗಡೀಲಿ ಗ್ರಾಮಫೋನ್ ಎಲ್‌ಪಿ ರೆಕಾರ್ಡು ಕದೀತಾರೆ. ಜಿಲ್ ತಪ್ಪಿಸ್ಕೊಂಡು ಓಡ್ತಾನೆ, ಕ್ರಿಸ್ತೀನ್ ಸಿಕ್ಕಿಬೀಳ್ತಾಳೆ. ಪೊಲೀಸ್ನೋರು ಅವಳನ್ನ ಅಪ್ಪನ ಕೈಗೆ ಕೊಡ್ತಾರೆ, ಅಪ್ಪ ಮಾನಸಿಕ ರೋಗಿಗಳ ಕ್ಲಿನಿಕ್ಕಿಗೆ ಸೇರಿಸ್ತಾನೆ. ಅವಳು ಅಲ್ಲಿಂದ ತಪ್ಪಿಸ್ಕೊಂಡು ಬರ್ತಾಳೆ, ಊರಾಚೆ ಒಂದು ಪಾಳುಬಿದ್ದ ದೊಡ್ಡ ಮನೇಲಿ ಹುಡುಗರೆಲ್ಲ ಸೇರಿ ರಾತ್ರಿಯಿಡೀ ಪಾರ್ಟಿ ಮಾಡ್ತಿರ್ತಾರೆ, ಅಲ್ಲಿಗೆ ಬಂದು ಜಿಲ್‌ನ ಹಿಡಿದು "ನಡಿ ಹೋಗೋಣ" ಅಂತಾಳೆ. ಎಲ್ಲಿಗೆ ಅಂದ್ರೆ ಲೊಜೇರ್ ಅನ್ನೋ ಕಡೆ, ಅಲ್ಲಿ ಅವಳ ಫ್ರೆಂಡ್ ಒಬ್ಬಳು ಕಲಾವಿದರ ಕಮ್ಯೂನಲ್ಲಿ, ಅಂದ್ರೆ ಎಲ್ಲರೂ ಒಟ್ಟಿಗೆ ಹಂಚ್ಕೊಂಡು ಬದುಕೋ ಜಾಗದಲ್ಲಿ, ಇದಾಳಂತೆ, ಕರೆಂಟಿಲ್ಲ ನಲ್ಲಿ ನೀರಿಲ್ಲ ಆದ್ರೆ ಯಾರೂ ಕೇಳೋರಿಲ್ಲ. ಇಬ್ಬರೂ ಹೊರಡ್ತಾರೆ. ಇಷ್ಟೇ.

ಅಂದ್ರೆ ಲವ್ ಮಾಡಿ ಓಡಿ ಹೋಗೋ ಕಥೆ?

ಆ ನಿರೀಕ್ಷೆ ಇಟ್ಕೊಂಡು ಕೂತ್ರೆ ನಿರಾಸೆ ಆಗುತ್ತೆ. ಪ್ರೀತಿ ಇದೆ, ಆದ್ರೆ ಜಾತಿ ಅಡ್ಡ ಬಂತು, ಮನೇಲಿ ಒಪ್ಪಲಿಲ್ಲ, ಅಣ್ಣಂದಿರು ಅಟ್ಟಿಸ್ಕೊಂಡು ಬಂದ್ರು ಅನ್ನೋ ಲೆಕ್ಕ ಇಲ್ಲಿಲ್ಲ. ಇವರಿಬ್ಬರನ್ನ ಬೇರೆ ಮಾಡ್ಬೇಕು ಅಂತ ಯಾರೂ ಪಣ ತೊಟ್ಟಿಲ್ಲ. ಕ್ರಿಸ್ತೀನ್‌ಗೆ ಹೋಗ್ಲೇಬೇಕು, ಹಿಂದೆ ಉಳಿಯೋಕೆ ಜಾಗ ಇಲ್ಲ. ಜಿಲ್‌ಗೆ ಹಾಗೇನಿಲ್ಲ, ಅವನಿಗೆ ಮನೆ ಇದೆ, ಪುಸ್ತಕ ಇದೆ, ತಮ್ಮ ಇದಾನೆ, ಬಯ್ದ್ರೂ ಕೂತು ಮಾತಾಡಿಸೋ ಅಪ್ಪ ಇದಾರೆ. ಅವನು ಹೋಗೋದು ಅವಳು ಕರೆದ್ಲು ಅಂತ. ಇಬ್ಬರ ನಡುವಿನ ಈ ವ್ಯತ್ಯಾಸ ಸಿನಿಮಾದಲ್ಲಿ ಬಾಯಿಬಿಟ್ಟು ಎಲ್ಲೂ ಹೇಳಲ್ಲ, ಆದ್ರೆ ಒಂದ್ಸಲ ಕಣ್ಣಿಗೆ ಬಿತ್ತು ಅಂದ್ರೆ ಆಮೇಲೆ ಪ್ರತಿ ಸೀನಲ್ಲೂ ಅದೇ ಕಾಣುತ್ತೆ, ಕಳ್ಳತನದ ಸೀನಲ್ಲೂ ಅಷ್ಟೆ, ತಪ್ಪು ಇಬ್ಬರದ್ದು, ಶಿಕ್ಷೆ ಒಬ್ಬಳಿಗೆ.

ಅಪ್ಪ ಅಮ್ಮನೇ ವಿಲನ್ನಾ?

ಅಲ್ಲ, ಮತ್ತೆ ಇದೇ ನಂಗೆ ಈ ಸಿನಿಮಾದಲ್ಲಿ ತುಂಬಾ ಇಷ್ಟ ಆಗಿದ್ದು. ಇಲ್ಲಿ ದೊಡ್ಡವರು ಯಾರೂ ಕ್ರೂರಿಗಳಲ್ಲ. ಜಿಲ್‌ನ ಅಪ್ಪನ ಪಾತ್ರ ಮಾಡಿರೋ ಲಾಸ್ಲೋ ಸಾಬೊ ಎಷ್ಟು ಸುಸ್ತಾಗಿ, ಎಷ್ಟು ಮರ್ಯಾದೆಯಾಗಿ ಮಗನ ಹತ್ರ ಮಾತಾಡ್ತಾರೆ ಅಂದ್ರೆ ಬಯ್ಯೋಕೇ ಮನಸ್ಸು ಬರಲ್ಲ. ಸ್ಟೇಷನಲ್ಲಿ ಕ್ರಿಸ್ತೀನ್‌ನ ವಿಚಾರಿಸೋ ಇನ್ಸ್‌ಪೆಕ್ಟರ್ ಜಾಂ-ಪಿಯೆರ್ ದಾರುಸ್ಸಾಂ, ಅವರೂ ಕೂಗಾಡೋ ಪೈಕಿ ಅಲ್ಲ. ಅವಳ ಅಮ್ಮ ಬೇರೆ ಸಂಸಾರ ಕಟ್ಕೊಂಡಿದಾಳೆ, ಮಗಳನ್ನ ಹುಡುಕ್ಕೊಂಡೂ ಬರ್ತಾಳೆ. ಪ್ರಾಬ್ಲಂ ಏನು ಅಂದ್ರೆ ಹುಡುಗಿ ಕೈಯಿಂದ ಕೈಗೆ ಹೋಗ್ತಾಳೆ, ಅಂಗಡಿಯವರಿಂದ ಪೊಲೀಸಿಗೆ, ಪೊಲೀಸಿಂದ ಅಪ್ಪನಿಗೆ, ಅಪ್ಪನಿಂದ ಡಾಕ್ಟರ್‌ಗೆ, ಪ್ರತಿಯೊಬ್ಬರೂ ತಮ್ಮ ಕೆಲಸ ಸರಿಯಾಗೇ ಮಾಡಿದಾರೆ, ಆದ್ರೆ ನಿಂಗೇನು ಬೇಕಮ್ಮ ಅಂತ ಉತ್ತರ ಕೇಳಿಸ್ಕೊಳ್ಳೋ ಪುರುಸೊತ್ತಲ್ಲಿ ಯಾರೂ ಕೇಳಲ್ಲ. ಒಬ್ಬ ವಿಲನ್ ಇದ್ದಿದ್ರೆ ನೋಡೋರಿಗೆ ಎಷ್ಟೋ ಸಮಾಧಾನ ಆಗಿರೋದು.

ಅಪ್ಪ ಅಂದ ಮಾತ್ರಕ್ಕೆ ಮಗಳನ್ನ ಹಂಗೆ ಕ್ಲಿನಿಕ್ಕಿಗೆ ಹಾಕ್ಬಹುದಾ? ಉತ್ಪ್ರೇಕ್ಷೆ ಅಲ್ವಾ?

ಕಾಲ ನೋಡಿ. 1972ರಲ್ಲಿ ಫ್ರಾನ್ಸಲ್ಲಿ ವಯಸ್ಕರಾಗೋಕೆ 21 ತುಂಬ್ಬೇಕಿತ್ತು, ಅದನ್ನ 18ಕ್ಕೆ ಇಳಿಸಿದ್ದು 1974ರ ಜುಲೈಯಲ್ಲಿ, ಜಿಸ್ಕಾರ್ ದೆಸ್ತೆಂ ಪ್ರೆಸಿಡೆಂಟ್ ಆದ ಮೇಲೆ. ಅದಕ್ಕೂ ಮುಂಚೆ 1970ರ ಜೂನ್‌ವರೆಗೂ ಕಾನೂನಿನ ಪ್ರಕಾರ ಮಕ್ಕಳ ಮೇಲಿನ ಅಧಿಕಾರ ಅಪ್ಪನದ್ದು, ಅಪ್ಪ ಅಮ್ಮ ಇಬ್ಬರದ್ದೂ ಅಂತ ಆಗಿದ್ದೇ ಆಗ. ಅಂದ್ರೆ ಕ್ರಿಸ್ತೀನ್ ಥರದ ಹುಡುಗಿ ಮನೆ ಬಿಟ್ರೆ ಅವಳು ಇನ್ನೂ ನಾಲ್ಕೈದು ವರ್ಷ ಯಾರದ್ದೋ ಸುಪರ್ದಿನಲ್ಲೇ ಇರ್ಬೇಕಿತ್ತು, ಹದಿನೆಂಟು ಆದ್ಮೇಲೆ ನೋಡ್ಕೊಳ್ಳೋಣ ಅನ್ನೋ ಆಸೆ ಕೂಡ ಇರ್ಲಿಲ್ಲ. 68ರ ಮೇ ತಿಂಗಳಲ್ಲಿ ವಿದ್ಯಾರ್ಥಿಗಳು, ಕಾರ್ಮಿಕರು ಬೀದಿಗಿಳಿದು ಮಾಡಿದ ದೊಡ್ಡ ಗಲಾಟೆ ಆಗಿ ನಾಲ್ಕು ವರ್ಷ ಆಗಿದೆ, ಬೀದೀಲಿ ಎಲ್ಲ ಬದಲಾಗಿದೆ ಅಂತ ಎಲ್ಲರೂ ಹೇಳ್ತಿದಾರೆ, ಮನೆ ಒಳಗೆ ಕಾನೂನು ಮಾತ್ರ ನಿಧಾನಕ್ಕೆ ನಡ್ಕೊಂಡು ಬರ್ತಿದೆ. ಅದು ಗೊತ್ತಿದ್ದು ನೋಡಿದ್ರೆ ಅವಳ ಅವಸರ ಅರ್ಥ ಆಗುತ್ತೆ.

ಎಲ್ಲರೂ "ಆ ಪಾರ್ಟಿ ಸೀನು ಆ ಪಾರ್ಟಿ ಸೀನು" ಅಂತಾರಲ್ಲ, ಏನಿದೆ ಅದ್ರಲ್ಲಿ?

ಸುಮಾರು ಅರ್ಧ ಗಂಟೆ ಇದೆ, ಅಂದ್ರೆ ಸಿನಿಮಾದ ಮೂರನೇ ಒಂದು ಭಾಗ. ಅಷ್ಟೊತ್ತು ಡೈಲಾಗ್ ಹೆಚ್ಚುಕಡಿಮೆ ಇಲ್ಲ. ಕತ್ತಲೆ, ಗೋಡೆ ಬಣ್ಣ ಹೋಗಿರೋ ಖಾಲಿ ರೂಮುಗಳು, ನಡುವೆ ನುಗ್ಗಿ ಹೋಗೋ ಕ್ಯಾಮೆರಾ, ಹಶೀಶ್ ಪೈಪು ಕೈಯಿಂದ ಕೈಗೆ, ಪ್ಲೇಯರ್ ಮೇಲೆ ಒಂದಾದ ಮೇಲೆ ಒಂದು ರೆಕಾರ್ಡು. ಕ್ರಿಸ್ತೀನ್ ಬರ್ತಾಳೆ, ಕೈಯಲ್ಲಿ ಕತ್ತರಿ. ಜಾನಿಸ್ ಜಾಪ್ಲಿನ್ ಹಾಡು ಓಡ್ತಿದೆ, ಅವಳು ಜನರ ಮಧ್ಯೆ ಓಡಾಡ್ತಾ ತನ್ನ ಕೂದಲನ್ನ ತಾನೇ ಕಚಕಚ ಅಂತ ಕತ್ತರಿಸ್ಕೊಳ್ತಾಳೆ, ಕನ್ನಡಿ ಇಲ್ಲ, ಅಳು ಇಲ್ಲ, ಯಾರಿಗೂ ತೋರಿಸೋಕೂ ಅಲ್ಲ. ಪಕ್ಕದಲ್ಲಿದ್ದವರು ಏನೋ ಅನ್ನೋಕೆ ಹೋಗಿ ಸುಮ್ಮನಾಗ್ತಾರೆ. ಆ ಮುಖ ಒಂದು ನೋಡಿದ್ರೆ ಸಾಕು, ಕ್ಲಿನಿಕ್ಕಲ್ಲಿ ಏನೇನಾಯ್ತು ಅಂತ ಪ್ರತ್ಯೇಕ ಸೀನು ಬೇಕಾಗಲ್ಲ.

ಆಮೇಲೆ ಹೊರಗೆ ದೊಡ್ಡ ಬೆಂಕಿ ಹಾಕ್ತಾರೆ. ಮನೆ ಒಳಗಿನ ಕುರ್ಚಿ, ಬಾಗಿಲು, ಸಿಕ್ಕಿದ್ದೆಲ್ಲ ಎಳ್ಕೊಂಡು ಬಂದು ಒಗೀತಾರೆ. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಹಾಡಿಗೆ ಬೆಂಕಿ ಸುತ್ತ ಕುಣಿತಾರೆ, ಖುಷಿ ಯಾವಾಗ ಹಾಳುಗೆಡವೋ ಹುಚ್ಚಾಯ್ತು ಅಂತ ಗೆರೆ ಎಳೆಯೋಕಾಗಲ್ಲ, ನೋಡ್ತಾ ನೋಡ್ತಾ ನಮಗೂ ಆ ಬೆಂಕಿಗೆ ಏನಾದ್ರೂ ಒಗೆಯೋಣ ಅನ್ಸುತ್ತೆ, ಸುಳ್ಳು ಯಾಕೆ ಹೇಳ್ಲಿ. ಬೆಳಗಾದ್ಮೇಲೆ ಅದೇ ಜಾಗ ಬೂದಿ, ಮಂಜು, ಮುದುರಿಕೊಂಡು ಮಲಗಿರೋ ಹುಡುಗರು. ಆ ಬೆಳಕು ಎಷ್ಟು ತಣ್ಣಗಿದೆ ಅಂದ್ರೆ ಕೂತಲ್ಲೇ ಶಾಲು ಹುಡುಕ್ಬೇಕು.

ಕ್ಯಾಮೆರಾ ಮಾಡಿದ್ದು ದೆನಿ ಲೆನ್ವಾರ್, ಸೂಪರ್ 16 ಫಿಲ್ಮಲ್ಲಿ. ಆ ಫಿಲ್ಮಿನ ಕಾಳುಕಾಳು ಟೆಕ್ಸ್ಚರ್ ಇರೋದ್ರಿಂದ್ಲೇ ಅರ್ಧ ಮಜಾ.

ಯಾವ್ಯಾವ ಹಾಡು ಇದೆ?

ಜಾಪ್ಲಿನ್, ಲೆನರ್ಡ್ ಕೊಹೆನ್, ಬಾಬ್ ಡೈಲನ್, ಕ್ರೀಡೆನ್ಸ್, ಆಲಿಸ್ ಕೂಪರ್, ರಾಕ್ಸಿ ಮ್ಯೂಸಿಕ್, ಡೊನೋವನ್, ನಿಕೋ, ಉರಾಯ ಹೀಪ್. ಇವತ್ತು ಕ್ಲಾಸಿಕ್ ರಾಕ್ ಪ್ಲೇಲಿಸ್ಟ್ ಅಂತ ಹಾಕಿದ್ರೆ ಇವೇ ಬರ್ತವೆ, ಆದ್ರೆ ಆ ಹುಡುಗರಿಗೆ ಇವು ಕದ್ದಾದ್ರೂ ಕೇಳ್ಬೇಕಾಗಿದ್ದ ಹಾಡು. ಶುರುವಲ್ಲಿ ಒಂದು ಚಿಕ್ಕ ಸೀನಿದೆ, ಜಿಲ್ ಮತ್ತೆ ತಮ್ಮ ಟ್ರಾನ್ಸಿಸ್ಟರ್ ಹಿಡ್ಕೊಂಡು ರಾಕ್ಸಿ ಮ್ಯೂಸಿಕ್ ಕೇಳೋಕೆ ಒದ್ದಾಡ್ತಾರೆ, ಸ್ಟೇಷನ್ ನಿಲ್ತಿಲ್ಲ, ಕರಕರ ಸದ್ದು, ರೇಡಿಯೋನ ಆ ಕಡೆ ಈ ಕಡೆ ತಿರುಗಿಸಿ ಹಿಡೀತಾರೆ. ಆಕಾಶವಾಣಿ ಕಾಲದಲ್ಲಿ ಶಾರ್ಟ್‌ವೇವಲ್ಲಿ ಸಿಲೋನ್ ಹಿಡಿಯೋಕೆ ಕೂತವರಿಗೆ ಆ ಸೀನು ವಿವರಿಸೋದೇ ಬೇಡ.

ಡೈಲನ್ ಹಾಡು 1973ರದ್ದು, ಕಥೆ 1972ರದ್ದು, ಹೆಂಗೆ?

ಹೌದು, ನಾಕಿನ್ ಆನ್ ಹೆವೆನ್ಸ್ ಡೋರ್ ಬಂದಿದ್ದು 1973ರ ಬೇಸಿಗೆಗೆ. ಡೊನೋವನ್ ಹಾಡೂ 73ರದ್ದೇ. ತಪ್ಪು ಅಂದ್ರೆ ತಪ್ಪು. ಕೆಲವರು ಇದನ್ನ ಹಿಡ್ಕೊಂಡು ಜಗಳ ಆಡ್ತಾರೆ, ನಂಗೇನೋ ಅದು ಅಷ್ಟು ಮುಖ್ಯ ಅನ್ಸಲ್ಲ, ಯಾರೇ ಆಗ್ಲಿ ಹದಿನೇಳನೇ ವಯಸ್ಸಿನ ಹಾಡುಗಳನ್ನ ನೆನಪು ಮಾಡ್ಕೊಂಡ್ರೆ ಒಂದು ವರ್ಷ ಆ ಕಡೆ ಈ ಕಡೆ ಆಗೇ ಆಗುತ್ತೆ. ಬಾಕಿ ಹಾಡುಗಳೆಲ್ಲ ಸರಿಯಾಗೇ ಕೂತಿವೆ, ಆಲಿಸ್ ಕೂಪರ್ ಮತ್ತೆ ರಾಕ್ಸಿ ಮ್ಯೂಸಿಕ್ ಎರಡೂ ಅದೇ 72ರವು.

ಇಷ್ಟು ಒಳ್ಳೆ ಸಿನಿಮಾ ಆಗಿದ್ರೆ ಇಷ್ಟು ವರ್ಷ ಎಲ್ಲಿತ್ತು?

ಹಾಡಿನ ರೈಟ್ಸ್. ಅಷ್ಟೇ ಕಾರಣ, ಬೇರೆ ಯಾವ ಸೆನ್ಸಾರು ಪಿತೂರಿ ಏನೂ ಇಲ್ಲ. ಅಷ್ಟು ದೊಡ್ಡ ದೊಡ್ಡ ಹೆಸರಿನ ಹಾಡುಗಳನ್ನ ಸಿನಿಮಾದಲ್ಲಿ ಹಾಕ್ಬೇಕಾದ್ರೆ ಪ್ರತಿ ಹಾಡಿಗೆ ಪಬ್ಲಿಷರ್ ಒಬ್ಬರು, ರೆಕಾರ್ಡ್ ಕಂಪನಿ ಒಂದು, ಇಬ್ಬರ ಹತ್ರನೂ ಒಪ್ಪಿಗೆ ಬೇಕು, ಆ ಒಪ್ಪಿಗೇನೂ ಇಂಥ ದೇಶಕ್ಕೆ, ಥಿಯೇಟರಿಗೆ ಬೇರೆ, ವಿಡಿಯೋಗೆ ಬೇರೆ ಅಂತ ತುಂಡುತುಂಡಾಗಿ ಇರುತ್ತೆ. ಸಣ್ಣ ಬಜೆಟ್ಟಿನ ಸಿನಿಮಾಗೆ ಇಡೀ ಪ್ರಪಂಚಕ್ಕೆ ಆಗೋ ಥರ ಅದನ್ನೆಲ್ಲ ಕೊಂಡ್ಕೊಳ್ಳೋಕೆ ಎಲ್ಲಿಂದ ಬರುತ್ತೆ ದುಡ್ಡು. ಹಾಗಾಗಿ ಅಮೆರಿಕದಲ್ಲಿ ಥಿಯೇಟರಲ್ಲಿ ರಿಲೀಸೇ ಆಗ್ಲಿಲ್ಲ, ಡಿವಿಡಿನೂ ಇಲ್ಲ, ಸಿನಿಮಾ ಹುಚ್ಚಿನವರು ಯಾರೋ ಟಿವಿಯಿಂದ ರೆಕಾರ್ಡ್ ಮಾಡಿದ ಮಂಜುಮಂಜಾದ ಕಾಪಿ ಹಂಚ್ಕೊಂಡು ನೋಡ್ತಿದ್ರು. 2018ರಲ್ಲಿ ರೈಟ್ಸ್ ಎಲ್ಲ ಬಗೆಹರಿಸಿ, ಪ್ರಿಂಟ್ ರಿಸ್ಟೋರ್ ಮಾಡಿ, ಜಾನಸ್ ಫಿಲ್ಮ್ಸ್‌ನೋರು ಥಿಯೇಟರಿಗೆ ತಂದ್ರು, ಕ್ರೈಟೀರಿಯನ್‌ನೋರು ಡಿಸ್ಕ್ ತಂದ್ರು. ಅಂದ್ರೆ ಮಾಡಿದ 24 ವರ್ಷಕ್ಕೆ. ಅಷ್ಟೊತ್ತಿಗೆ ಸಿನಿಮಾದ ಹುಡುಗರ ವಯಸ್ಸಿನವರು ಅರವತ್ತು ದಾಟಿದ್ರು.

ಹಾಡುಗಳನ್ನ ಬದಲಾಯಿಸಿ ಬಿಡುಗಡೆ ಮಾಡ್ಬಹುದಿತ್ತಲ್ಲ?

ಬೇರೆ ಸಿನಿಮಾ ಆಗಿದ್ರೆ ಆಗ್ತಿತ್ತು. ಇದ್ರಲ್ಲಿ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಅಂತ ಮೇಲಿಂದ ಸುರಿದಿಲ್ಲ, ಪಾರ್ಟೀಲಿ ಕೇಳೋದು ಅಲ್ಲಿ ಪ್ಲೇಯರ್ ಮೇಲೆ ತಿರುಗ್ತಿರೋ ರೆಕಾರ್ಡ್. ಜನ ಅದಕ್ಕೇ ಕುಣಿತಾರೆ, ಅದಕ್ಕೇ ನಿಲ್ತಾರೆ, ಹಾಡು ಮಧ್ಯಕ್ಕೆ ಕಟ್ ಆದ್ರೆ ರೂಮಿನ ಗಾಳಿನೇ ಬದಲಾಗುತ್ತೆ. ಅದನ್ನ ತೆಗೆದು ಇನ್ನೊಂದು ತುರುಕಿದ್ರೆ ಕಾಲು ಒಂದು ಕಡೆ ತಾಳ ಒಂದು ಕಡೆ. ಇನ್ನೂ ಒಂದು ವಿಷ್ಯ ಇದೆ, ಈ ಹಾಡುಗಳನ್ನ ಹಾಕಿದ್ದು ಡೈರೆಕ್ಟರ್ ಶೋಕಿಗೆ ಅಲ್ಲ, ಸಿನಿಮಾಗೆ ದುಡ್ಡು ಕೊಟ್ಟವರ ಕಂಡೀಷನ್ನೇ ಅದು. ಮುಂದಿನ ಪ್ರಶ್ನೆ ನೋಡಿ.

ಇದು ಟಿವಿ ಸೀರೀಸಿನ ಎಪಿಸೋಡ್ ಅಂತ ಎಲ್ಲೋ ಓದಿದೆ, ನಿಜನಾ?

ನಿಜ. 1992ರಲ್ಲಿ ಶುರುವಾದ ಆರ್ತೆ ಅನ್ನೋ ಫ್ರೆಂಚ್-ಜರ್ಮನ್ ಚಾನೆಲ್ಲು ಒಂದು ಸರಣಿ ಮಾಡ್ಸಿತ್ತು, ಐಡಿಯಾ ಶಾಂತಾಲ್ ಪುಪೋ ಅವರದ್ದು. ಒಂಬತ್ತು ಜನ ಡೈರೆಕ್ಟರ್‌ಗಳು, ಪ್ರತಿಯೊಬ್ಬರೂ ಹರೆಯದ ಬಗ್ಗೆ ಒಂದೊಂದು ಗಂಟೆಯ ಸಿನಿಮಾ ಮಾಡ್ಬೇಕು, ತಮ್ಮ ಹರೆಯದ ಕಾಲದಲ್ಲೇ ಕಥೆ ನಡೀಬೇಕು, ಆ ಕಾಲದ ಹಾಡು ಇರ್ಬೇಕು, ಒಂದು ಪಾರ್ಟಿ ಸೀನು ಇರ್ಲೇಬೇಕು. ಶಾಂತಾಲ್ ಆಕರ್ಮಾನ್, ಕ್ಲೇರ್ ದೆನಿ, ಪತ್ರಿಸಿಯಾ ಮಾಝುಯಿ, ಆಂದ್ರೆ ತೆಶಿನೆ ಅಂಥವರೆಲ್ಲ ಇದ್ರು. 1994ರ ಕೊನೇಲಿ ಟಿವೀಲಿ ಬಂತು.

ಈಗ ತಮಾಷೆ ನೋಡಿ, ಹಾಡು ಹಾಕು, ಪಾರ್ಟಿ ಇಡು ಅಂತ ಹೇಳಿದ್ದಕ್ಕೇ ಆ ಅರ್ಧ ಗಂಟೆ ಹುಟ್ಟಿದ್ದು, ಅದೇ ಅರ್ಧ ಗಂಟೆ ಸಿನಿಮಾನ ಇಪ್ಪತ್ತು ಚಿಲ್ಲರೆ ವರ್ಷ ಕಪಾಟಲ್ಲಿ ಇಡ್ಸಿದ್ದು. ಒಂದು ಸೀನು ಇರ್ಬೇಕು ಅಂದ್ರೆ ಬೇರೆಯವರು ಐದತ್ತು ನಿಮಿಷದಲ್ಲಿ ಮುಗಿಸ್ತಿದ್ರೇನೋ, ಈ ಮನುಷ್ಯ ಅದನ್ನೇ ಸಿನಿಮಾ ಮಾಡ್ಬಿಟ್ಟ.

ಅದೇ ಸರಣಿಯಿಂದ ಬಂದ ತೆಶಿನೆ ಸಿನಿಮಾ, ಲೆ ರೋಝೋ ಸೋವಾಜ್, ಫ್ರಾನ್ಸಿನ ದೊಡ್ಡ ಸಿನಿಮಾ ಪ್ರಶಸ್ತಿ ಸೆಝಾರ್‌ನ ಬೆಸ್ಟ್ ಫಿಲ್ಮ್ ಅಂತ ಹೊಡ್ಕೊಂಡು ಊರೆಲ್ಲ ಸುತ್ತಿತು. ಒಂದೇ ಮನೆಯ ಮಕ್ಕಳು, ಒಬ್ಬ ಮೆರವಣಿಗೇಲಿ ಹೋದ, ಇನ್ನೊಬ್ಬ ಅಡ್ರೆಸ್ಸಿಗೇ ಇಲ್ಲ.

ಟಿವಿ ವರ್ಷನ್ನಿಗೂ ಸಿನಿಮಾಗೂ ಏನು ವ್ಯತ್ಯಾಸ?

ಟಿವಿಯದ್ದು ಒಂದು ಗಂಟೆ ಚಿಲ್ಲರೆ, ಹೆಸರೂ ಬೇರೆ, ಲಾ ಪಾಜ್ ಬ್ಲಾಂಶ್, ಖಾಲಿ ಹಾಳೆ ಅಂತ. ದೊಡ್ಡದನ್ನೇ ನೋಡಿ.

ಲೊಜೇರ್ ಎಲ್ಲಿದೆ? ಕಮ್ಯೂನ್ ಎಲ್ಲ ನಿಜವಾಗ್ಲೂ ಇತ್ತಾ?

ದಕ್ಷಿಣ ಫ್ರಾನ್ಸಲ್ಲಿ, ಸೆವೆನ್ ಬೆಟ್ಟಗಳ ಕಡೆ. ಇವತ್ತಿಗೂ ಫ್ರಾನ್ಸಿನ ಮೇನ್‌ಲ್ಯಾಂಡಲ್ಲಿ ಅತಿ ಕಡಿಮೆ ಜನ ಇರೋ ಜಿಲ್ಲೆ ಅದೇ. 68 ಆದ್ಮೇಲೆ ಪಟ್ಟಣದ ಹುಡುಗರು ಗುಂಪುಗುಂಪಾಗಿ ಆ ಕಡೆ, ಪಕ್ಕದ ಆರ್ದೆಶ್ ಕಡೆ ಹೋಗಿ, ರೈತರು ಬಿಟ್ಟುಹೋದ ಕಲ್ಲಿನ ಮನೆಗಳಲ್ಲಿ ಸೇರ್ಕೊಂಡು, ಮೇಕೆ ಸಾಕ್ತೀವಿ, ಚೀಸ್ ಮಾಡ್ತೀವಿ ಅಂತ ಕೂತ್ರು. ಬಹಳಷ್ಟು ಜನ ಒಂದೆರಡು ಚಳಿಗಾಲ ಕಳೆಯೋಷ್ಟ್ರಲ್ಲಿ ವಾಪಸ್ ಬಂದ್ರು, ಕೆಲವರು ಅಲ್ಲೇ ಬೇರು ಬಿಟ್ರು. ಕ್ರಿಸ್ತೀನ್ ಹೇಳೋ ಜಾಗ ಅಂಥದ್ದು. ಆದ್ರೆ ಸಿನಿಮಾ ನಮ್ಮನ್ನ ಆ ಕಮ್ಯೂನ್ ಒಳಗೆ ಕರ್ಕೊಂಡು ಹೋಗಲ್ಲ, ಅದು ಇಡೀ ಹೊತ್ತು ಅವಳ ಬಾಯಲ್ಲಿರೋ ಒಂದು ಹೆಸರಾಗೇ ಇರುತ್ತೆ. ಅದು ಸರಿಯಾದ ತೀರ್ಮಾನ ಅಂತ ನನ್ನ ಅಭಿಪ್ರಾಯ, ಅಲ್ಲಿ ಹೋಗಿ ನಾಲ್ಕು ಮೇಕೆ ತೋರಿಸಿದ್ರೆ ಕಥೆ ಅಲ್ಲಿಗೇ ಠುಸ್.

ಡೈರೆಕ್ಟರ್ ಸ್ವಂತ ಕಥೆನಾ ಇದು?

ಘಟನೆಗಳು ಪೂರ್ತಿ ಅಲ್ಲ, ಗಾಳಿ ಮಾತ್ರ ಅವರದ್ದೇ. ಅಸ್ಸಾಯಾಸ್ ಹುಟ್ಟಿದ್ದು 1955ರಲ್ಲಿ, ಅಂದ್ರೆ 68ರಲ್ಲಿ ಹದಿಮೂರು, ಬೀದಿಗಿಳಿಯೋಕೆ ತೀರಾ ಚಿಕ್ಕೋರು, 72ರಲ್ಲಿ ಹದಿನೇಳು. ಹಬ್ಬ ಮುಗಿದ್ಮೇಲೆ ಬಂದ ಪೀಳಿಗೆ. ಅವರಮ್ಮ ಹಂಗೇರಿ ಮೂಲದವರು, ಸಿನಿಮಾದಲ್ಲೂ ಜಿಲ್ ಮನೇಲಿ ಹಂಗೇರಿಯ ವಾಸನೆ ಇದೆ, ಮನೆ ನೋಡ್ಕೊಳ್ಳೋ ಹೆಂಗಸು ಯುದ್ಧಕಾಲದ ನೆನಪು ಹೇಳೋದ್ರಿಂದ್ಲೇ ಸಿನಿಮಾ ಶುರುವಾಗೋದು, ಅಪ್ಪನಾಗಿರೋ ಸಾಬೊ ಕೂಡ ಹಂಗೇರಿಯವರೇ. 2012ರಲ್ಲಿ ಅಸ್ಸಾಯಾಸ್ ಮತ್ತೆ ಅದೇ ಕಾಲಕ್ಕೆ ಹೋಗಿ ಆಪ್ರೆ ಮೇ (ಮೇ ಆದ್ಮೇಲೆ ಅಂತ ಅರ್ಥ) ಮಾಡಿದ್ರು, ಅದ್ರಲ್ಲೂ ಹುಡುಗ ಜಿಲ್, ಹುಡುಗಿ ಕ್ರಿಸ್ತೀನ್. ವೆನಿಸ್‌ನಲ್ಲಿ ಚಿತ್ರಕಥೆಗೆ ಪ್ರಶಸ್ತಿ ಬಂತು. ಅದು ರಾಜಕೀಯ ಜಾಸ್ತಿ, ಬಣ್ಣ ಜಾಸ್ತಿ, ನೋಡೋಕೆ ಚೆಂದ. ಎದೆಗೆ ಬಂದು ಗುದ್ದೋದು ಮಾತ್ರ ಈ ಹಳೇದೇ.

ಆ ಹುಡುಗಿ ಯಾರು? ಎಲ್ಲೋ ನೋಡಿದಂಗಿದೆ.

ವಿರ್ಜಿನಿ ಲೆದ್ವಾಯೆನ್. 1976ರಲ್ಲಿ ಹುಟ್ಟಿದ್ದು, ಅಂದ್ರೆ ಶೂಟಿಂಗ್ ಹೊತ್ತಿಗೆ ನಿಜವಾಗ್ಲೂ ಆ ವಯಸ್ಸೇ. ನೀವು ನೋಡಿರೋದು ಬಹುಶಃ 2000ದ ದಿ ಬೀಚ್‌ನಲ್ಲಿ, ಲಿಯೊನಾರ್ಡೊ ಡಿಕಾಪ್ರಿಯೊ ಜೊತೆ. ಜಿಲ್ ಮಾಡಿರೋ ಸಿಪ್ರಿಯಾಂ ಫುಕೆ ವೃತ್ತಿಯಲ್ಲಿ ನಟ ಅಲ್ಲ, ಆಮೇಲೂ ದೊಡ್ಡ ನಟ ಏನೂ ಆಗ್ಲಿಲ್ಲ. ಅವನ ನಟನೆ ಮರದ ಥರ ಇದೆ ಅಂತ ಕೆಲವರ ಕಂಪ್ಲೇಂಟು, ನಾನಂತೂ ಒಪ್ಪಲ್ಲ. ಆ ವಯಸ್ಸಿನ ಹುಡುಗರು ಅಪ್ಪನ ಮುಂದೆ ನಿಂತಾಗ ಮರದ ಥರಾನೇ ನಿಲ್ತಾರೆ.

ತ್ರುಫೋದ ಫೋರ್ ಹಂಡ್ರೆಡ್ ಬ್ಲೋಸ್ ನೋಡಿದೀನಿ, ಇದೂ ಅದೇ ಥರಾನಾ?

ಮನೆಯವರಿಗೆ ಬೇಡವಾದ ಮಗು, ಸಣ್ಣ ಕಳ್ಳತನ, ಸಂಸ್ಥೆಗೆ ಹಾಕೋದು, ಅಲ್ಲಿಂದ ಓಟ, ಅಷ್ಟರ ಮಟ್ಟಿಗೆ ಹೌದು. ಆದ್ರೆ 1959ರ ಆ ಹುಡುಗ ಒಬ್ಬನೇ ಓಡ್ತಾನೆ, ಮತ್ತೆ ಅವನ ಮೇಲೆ ಡೈರೆಕ್ಟರ್‌ಗೆ ಎಷ್ಟು ಮುದ್ದು ಅಂತ ಪ್ರತಿ ಫ್ರೇಮಲ್ಲೂ ಗೊತ್ತಾಗುತ್ತೆ. ಅಸ್ಸಾಯಾಸ್ ಮುದ್ದು ಮಾಡಲ್ಲ. ಇನ್ನೂ ಹತ್ರದ ಸಂಬಂಧ ಬೇಕಂದ್ರೆ ಅನ್ಯೆಸ್ ವಾರ್ದಾ 1985ರಲ್ಲಿ ಮಾಡಿದ ಸಾಂ ತ್ವಾ ನಿ ಲ್ವಾ (ಇಂಗ್ಲಿಷಲ್ಲಿ ವ್ಯಾಗಬಾಂಡ್), ಅದೂ ಚಳಿಗಾಲದಲ್ಲಿ ದಾರಿ ಹಿಡಿದ ಹುಡುಗಿ, ಅದೂ ಕರುಣೆ ಬೇಡದ ಸಿನಿಮಾ.

ಕೊನೇಲಿ ಏನಾಯ್ತು? ನಂಗೆ ಅರ್ಥ ಆಗ್ಲಿಲ್ಲ.

ನೋಡದೆ ಇರೋರು ಇದನ್ನ ಬಿಟ್ಟು ಮುಂದಕ್ಕೆ ಹೋಗಿ.

ಇಬ್ಬರೂ ಲಿಫ್ಟ್ ಕೇಳ್ಕೊಂಡು, ನಡ್ಕೊಂಡು, ಚಳೀಲಿ ಒಂದು ನದಿ ಹತ್ರ ಬಂದು ರಾತ್ರಿ ಕಳೀತಾರೆ. ಜಿಲ್ ಎದ್ದಾಗ ಕ್ರಿಸ್ತೀನ್ ಇಲ್ಲ. ಹುಡುಕ್ಕೊಂಡು ನದಿ ದಡಕ್ಕೆ ಹೋಗ್ತಾನೆ, ಒಂದು ಹಾಳೆ ಸಿಗುತ್ತೆ, ತಿರುಗಿಸಿ ನೋಡ್ತಾನೆ, ಏನೂ ಬರೆದಿಲ್ಲ. ಮುಗೀತು. ನೀರಿಗೆ ಬಿದ್ಲಾ, ಒಬ್ಬಳೇ ಮುಂದಕ್ಕೆ ಹೋದ್ಲಾ, ಸಿನಿಮಾ ಹೇಳಲ್ಲ. ಸತ್ಲು ಅನ್ನೋರೇ ಜಾಸ್ತಿ, ಹೆಸರು ತಣ್ಣೀರು ಅಂತ ಬೇರೆ ಇದೆಯಲ್ಲ. ನಂಗೆ ಎರಡೂ ಕಡೆ ವಾಲೋಕೆ ಇಷ್ಟ ಇಲ್ಲ. ನಂಗೆ ಕಾಡೋದು ಆ ಹಾಳೆ. ಬರೆಯೋಕೆ ಮಾತಿರ್ಲಿಲ್ಲ ಅಂತಾದ್ರೆ ಹಾಳೆನೇ ಯಾಕೆ ಇಡ್ಬೇಕಿತ್ತು? ಇಡೀ ಸಿನಿಮಾದಲ್ಲಿ ಅವಳ ಪರವಾಗಿ ಬೇರೆಯವರೇ ಬರೀತಾ ಬಂದಿದಾರೆ, ಪೊಲೀಸ್ ಸ್ಟೇಟ್‌ಮೆಂಟು, ಕ್ಲಿನಿಕ್ಕಿನ ಕಾಗದ. ಅವಳ ಕೈಯಿಂದ ಬಂದಿದ್ದು ಇದೊಂದೇ. ಇದಕ್ಕಿಂತ ಜಾಸ್ತಿ ವಿವರಣೆ ಕೇಳಿದ್ರೆ ನನ್ನ ಹತ್ರ ಇಲ್ಲ.

ಬೋರ್ ಹೊಡೆಯುತ್ತಾ? ನಿಜ ಹೇಳಿ.

ಮೊದಲ ಅರ್ಧ ಗಂಟೆ ನಿಧಾನ. ಕ್ಲಾಸು, ಸ್ಟೇಷನ್ನು, ಮನೆ, ಬರೀ ಬೂದುಬಣ್ಣ. ಮೊಬೈಲಲ್ಲಿ ಅರ್ಧಂಬರ್ಧ ನೋಡಿದ್ರೆ ಖಂಡಿತ ಕೈಬಿಡ್ತೀರಿ. ರಾತ್ರಿ ಹೊತ್ತು, ದೊಡ್ಡ ಸ್ಕ್ರೀನು, ಸೌಂಡ್ ಸ್ವಲ್ಪ ಜೋರಾಗಿಟ್ಟು ನೋಡಿ.

ಮನೇಲಿ ಹದಿಹರೆಯದ ಮಕ್ಕಳಿದಾರೆ, ಜೊತೇಲಿ ಕೂತು ನೋಡ್ಬಹುದಾ?

ಮಾದಕ ವಸ್ತು, ಕಳ್ಳತನ, ಆತ್ಮಹತ್ಯೆಯ ನೆರಳು, ಎಲ್ಲ ಇದೆ, ಮೊದ್ಲು ನೀವೊಬ್ಬರೇ ನೋಡಿ ಆಮೇಲೆ ತೀರ್ಮಾನ ಮಾಡಿ. ಹದಿನಾರು ದಾಟಿದವರಾದ್ರೆ ಜೊತೇಲಿ ನೋಡಿ ಅಂತ್ಲೇ ನಾನು ಹೇಳ್ತೀನಿ. ಒಂದೇ ಷರತ್ತು, ಮುಗಿದ ಕೂಡ್ಲೇ "ನೋಡಿದ್ಯಾ, ಮನೆ ಬಿಟ್ಟು ಹೋದ್ರೆ ಹಿಂಗೇ ಆಗೋದು" ಅಂತ ಶುರು ಮಾಡ್ಬೇಡಿ, ಜಿಲ್‌ನ ಅಪ್ಪನೂ ಹಿಂಗೇ ಮಾತಾಡ್ತಾರೆ.

ಎಲ್ಲಿ ಸಿಗುತ್ತೆ?

ಕ್ರೈಟೀರಿಯನ್ ಡಿಸ್ಕಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇದೆ. ಇಂಡಿಯಾದಲ್ಲಿರೋರು ಕಾಸು ಕೊಡೋ ಮುಂಚೆ ಒಂದು ನೋಡ್ಕೊಳ್ಳಿ, ಆ ಬ್ಲೂ-ರೇ ಎ ರೀಜನ್ನಿಗೆ, ಅಂದ್ರೆ ಅಮೆರಿಕ ಇರೋ ಗುಂಪಿನ ದೇಶಗಳ ಪ್ಲೇಯರಿಗೆ ಮಾತ್ರ, ಲಾಕ್ ಆಗಿರುತ್ತೆ, ನಮ್ಮ ದೇಶ ಸಿ ರೀಜನ್, ಹಾಗಾಗಿ ಇಲ್ಲಿ ಕೊಂಡ ಮಾಮೂಲಿ ಪ್ಲೇಯರಲ್ಲಿ ಹಾಕಿದ್ರೆ ಓಡಲ್ಲ, ಎಲ್ಲಾ ರೀಜನ್ ಓದೋ ಪ್ಲೇಯರ್ ಬೇಕು. ಅಮೆರಿಕದಲ್ಲಿ ಅಣ್ಣನೋ ಅಕ್ಕನೋ ಇದ್ರೆ ಅವರಿಗೆ ಆ ತಲೆನೋವಿಲ್ಲ, ಅಲ್ಲಿಗೆ ಹೋದಾಗ ನೋಡ್ಕೊಂಡು ಬನ್ನಿ. ಸ್ಟ್ರೀಮಿಂಗಲ್ಲಿ ಇವತ್ತು ಇರುತ್ತೆ ನಾಳೆ ತೆಗೀತಾರೆ, ಹುಡುಕುವಾಗ ಇಂಗ್ಲಿಷ್ ಹೆಸರು ಕೋಲ್ಡ್ ವಾಟರ್ ಅಂತ ಹಾಕಿ, ಜೊತೆಗೆ 1994 ಅಂತ ಸೇರಿಸಿ, ಇಲ್ಲಾಂದ್ರೆ ಅದೇ ಹೆಸರಿನ ಬೇರೆ ಏನೇನೋ ಬರುತ್ತೆ.